ಬೆಟ್ಟಕ್ಕೆ ಬರುವವರನ್ನು ಎಣಿಸುವುದು ಹೇಗೆ? ಚಾರಣದ ಹಾದಿಗಳಿಗೊಂದು ಸಮಗ್ರ ಮಾರ್ಗದರ್ಶಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಜನ ಸೇರಿದ್ದರು. ಆ ವಿಡಿಯೊಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣಕ್ಕೆ ಟಿಕೆಟ್ ಬುಕ್ ಮಾಡುವ ‘ಅರಣ್ಯ ವಿಹಾರ’ ಜಾಲತಾಣ ಬಂತು, ಜೊತೆಗೆ ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು.

ಆಗಬೇಕಾದ ಕೆಲಸವೇ ಆಯಿತು. ಆದರೆ ಬುಕಿಂಗ್ ಪಟ್ಟಿ ಹೇಳುವುದು ಎಷ್ಟು ಟಿಕೆಟ್ ಹೋಯಿತು ಎಂಬುದನ್ನು ಮಾತ್ರ. ಹಣ ಕಟ್ಟಿ ಬಾರದೇ ಉಳಿದವರು, ಬುಕ್ ಮಾಡದೆ ತೋಟದ ಒಳದಾರಿಯಿಂದ ಹತ್ತಿದವರು, ಹರಕೆ ಹೊತ್ತು ಬರುವ ಊರವರು, ಯಾರೂ ಆ ಪಟ್ಟಿಯಲ್ಲಿ ಸರಿಯಾಗಿ ಕಾಣುವುದಿಲ್ಲ. 300 ಜಾಸ್ತಿಯಾಯಿತೋ, ಇನ್ನಷ್ಟು ಬಿಡಬಹುದೋ, ಯಾವ ತಿಂಗಳು ಮುಚ್ಚಬೇಕು, ಶನಿವಾರಕ್ಕೆ ಕಾಡು ಕಾಯುವ ಎಷ್ಟು ವಾಚರ್‌ಗಳು ಬೇಕು? ಇವಕ್ಕೆಲ್ಲ ಉತ್ತರ ಸಿಗಬೇಕಾದರೆ ಹಾದಿಯ ಮೇಲೆ ನಡೆದ ಕಾಲುಗಳನ್ನು ಎಣಿಸಬೇಕು. ಹೆಚ್ಚು ಖರ್ಚಿಲ್ಲದೆ, ಒಂದು ಪರಿಸರ ಬಳಗವೋ ಕಾಲೇಜಿನ ಎನ್‌ಎಸ್‌ಎಸ್ ಘಟಕವೋ ಗ್ರಾಮ ಅರಣ್ಯ ಸಮಿತಿಯೋ ಇಲಾಖೆಯ ಜೊತೆ ಕೂತು ಈ ಕೆಲಸ ಮಾಡಬಹುದು. ಹೇಗೆಂದು ಮುಂದೆ ಬರೆದಿದ್ದೇನೆ.

1. ಯಾಕೆ ಎಣಿಸುತ್ತೀರಿ ಎಂದು ಮೊದಲು ಬರೆದುಕೊಳ್ಳಿ

ಒಂದೇ ಒಂದು ಸಾಲು ಸಾಕು. ‘ವರ್ಷಕ್ಕೆ ಒಟ್ಟು ಎಷ್ಟು ಜನ ಬರುತ್ತಾರೆ’ ಎಂಬ ಪ್ರಶ್ನೆಗೆ ಬೇಕಾದ ಎಣಿಕೆ ಬೇರೆ, ‘ತುದಿಯಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ ಇರುತ್ತಾರೆ’ ಎಂಬುದಕ್ಕೆ ಬೇಕಾದ ಎಣಿಕೆ ಬೇರೆ. ಮೊದಲನೆಯದಕ್ಕೆ ಬುಡದಲ್ಲಿ ಜನರನ್ನು ಎಣಿಸುವ ಒಂದು ಯಂತ್ರ ಸಾಕಾದೀತು. ಎರಡನೆಯದಕ್ಕೆ ತುದಿಯಲ್ಲಿ ಒಬ್ಬ ಮನುಷ್ಯ ಕೂರಲೇಬೇಕು. ಪ್ರಶ್ನೆ ಗಟ್ಟಿಯಾಗುವ ಮೊದಲೇ ಯಂತ್ರ ತರಿಸಿದರೆ ಅಂಕಿಗಳು ರಾಶಿ ಬೀಳುತ್ತವೆ, ಆದರೆ ಅವುಗಳಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ.

2. ದಾಟು, ಭೇಟಿ, ವ್ಯಕ್ತಿ: ಮೂರನ್ನೂ ಬೆರೆಸಬೇಡಿ

ಎಣಿಕೆಯ ಜಾಗವನ್ನು ಒಬ್ಬರು ಒಮ್ಮೆ ದಾಟಿದರೆ ಅದು ಒಂದು ‘ದಾಟು’. ಒಬ್ಬರು ಒಳಗೆ ಬಂದು ಹೊರಗೆ ಹೋದರೆ ಅದು ಒಂದು ‘ಭೇಟಿ’. ಅದೇ ಮನುಷ್ಯ ವರ್ಷದಲ್ಲಿ ಮೂರು ಸಲ ಬಂದರೆ ಭೇಟಿ ಮೂರು, ವ್ಯಕ್ತಿ ಒಬ್ಬನೇ. ಯಂತ್ರಕ್ಕೆ ಗೊತ್ತಾಗುವುದು ದಾಟು ಮಾತ್ರ, ವರದಿಯಲ್ಲಿ ಬೇಕಾಗುವುದು ಭೇಟಿ. ಮಾತಾಡಿಸಿ ಕೇಳದೆ ವ್ಯಕ್ತಿಗಳ ಲೆಕ್ಕ ಸಿಗುವುದಿಲ್ಲ.

ಬಂದ ದಾರಿಯಲ್ಲೇ ವಾಪಸಾಗುವ ಬೆಟ್ಟವಾದರೆ ದಾಟುಗಳನ್ನು ಎರಡರಿಂದ ಭಾಗಿಸಿದರೆ ಆಯಿತು. ಆದರೆ ಕುಮಾರ ಪರ್ವತಕ್ಕೆ ಎರಡು ಕಡೆಯಿಂದ ಹತ್ತಬಹುದು. ಒಂದು ದಾರಿ ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲು ಮಂಟಪ, ಶೇಷ ಪರ್ವತದ ಮೇಲೆ ಹೋಗುತ್ತದೆ, ಇನ್ನೊಂದು ಸೋಮವಾರಪೇಟೆ ಕಡೆಯ ಬೀಡಳ್ಳಿಯಿಂದ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವವರೂ ಇದ್ದಾರೆ. ಕುಕ್ಕೆ ಬದಿಯಲ್ಲಿ ಮಾತ್ರ ಯಂತ್ರವಿಟ್ಟು ಎರಡರಿಂದ ಭಾಗಿಸಿದರೆ ಇಂಥವರು ಅರ್ಧ ಮನುಷ್ಯರಾಗಿಬಿಡುತ್ತಾರೆ. ಎರಡೂ ಬಾಗಿಲಲ್ಲಿ ಎಣಿಸಿ, ಒಟ್ಟು ಕೂಡಿಸಿ, ಆಮೇಲೆ ಎರಡರಿಂದ ಭಾಗಿಸಿ. ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋದರೂ ಪ್ರತಿಯೊಬ್ಬರೂ ಒಮ್ಮೆ ಒಳಗೆ, ಒಮ್ಮೆ ಹೊರಗೆ ದಾಟಲೇಬೇಕಲ್ಲ, ಹಾಗಾಗಿ ಲೆಕ್ಕ ಸರಿಯಾಗಿ ಕೂರುತ್ತದೆ. ರಾತ್ರಿ ತಂಗಲು ಅವಕಾಶವಿರುವ ಬೆಟ್ಟದಲ್ಲಿ ಶನಿವಾರ ಒಳಗೆ ಹೋದವರು ಭಾನುವಾರ ಹೊರಗೆ ಬರುತ್ತಾರೆ. ಅಲ್ಲಿ ದಿನದ ಲೆಕ್ಕಕ್ಕಿಂತ ವಾರದ ಲೆಕ್ಕವನ್ನು ನಂಬಿ.

3. ಅನುಮತಿ

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ಕುದುರೆಮುಖ ಶಿಖರ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಇಂಥ ಕಡೆ ಪ್ರವೇಶಕ್ಕೂ ಅಧ್ಯಯನಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 28ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮರಕ್ಕೆ ಎಣಿಕೆ ಯಂತ್ರದ ಪೆಟ್ಟಿಗೆ ಕಟ್ಟುವುದೂ ಇದರೊಳಗೇ ಬಂತು. ಅರ್ಜಿಯಲ್ಲಿ ಏನು ಎಣಿಸುತ್ತೀರಿ, ಎಷ್ಟು ದಿನ, ಫೋಟೊ ತೆಗೆಯುತ್ತೀರೋ ಇಲ್ಲವೋ, ಅಂಕಿಅಂಶ ಯಾರ ಕೈಯಲ್ಲಿರುತ್ತದೆ ಎಂದು ಬಿಡಿಸಿ ಬರೆಯಿರಿ. ಅನುಮತಿ ಮೇಲಿನಿಂದ ಬಂದರೂ ಕೆಲಸ ನಡೆಯುವುದು ವಲಯ ಅರಣ್ಯಾಧಿಕಾರಿ, ಬೀಟ್‌ನ ಗಾರ್ಡ್ ಮತ್ತು ವಾಚರ್‌ಗಳ ಜೊತೆ. ಅವರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಯಾವ ಒಳದಾರಿಯಲ್ಲಿ ಜನ ನುಸುಳುತ್ತಾರೆಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

4. ಎಣಿಕೆಯ ಜಾಗ ಹುಡುಕಿ

ಹಾದಿಯನ್ನು ಬುಡದಿಂದ ತುದಿವರೆಗೆ ಒಮ್ಮೆ ನಡೆದು, ಕವಲು, ಅಡ್ಡದಾರಿ, ನೀರಿನ ಜಾಗ, ಕೂತು ಸುಧಾರಿಸಿಕೊಳ್ಳುವ ಬಂಡೆ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ. ಯಂತ್ರವಾಗಲಿ ಮನುಷ್ಯನಾಗಲಿ, ಎಣಿಕೆಗೆ ಒಳ್ಳೆಯ ಜಾಗದ ಗುಣಗಳು ಇವು: ಜನ ಒಬ್ಬರ ಹಿಂದೊಬ್ಬರು ನಡೆಯಬೇಕು, ನಿಲ್ಲಬಾರದು, ಪಕ್ಕದಿಂದ ಸುತ್ತಿ ಹೋಗಲು ದಾರಿ ಇರಬಾರದು. ತುಸು ಏರು ಇದ್ದರೆ ಇನ್ನೂ ಒಳ್ಳೆಯದು, ಏರಿನಲ್ಲಿ ಗುಂಪು ತಾನಾಗಿಯೇ ಸಾಲಾಗುತ್ತದೆ. ನೀರಿನ ಹತ್ತಿರ, ಫೋಟೊ ತೆಗೆಯುವ ಕಡೆ, ಬೋರ್ಡಿನ ಮುಂದೆ ಇಡಲೇಬೇಡಿ. ಅಲ್ಲಿ ಒಬ್ಬರೇ ಹತ್ತು ಸಲ ಹಿಂದೆ ಮುಂದೆ ಓಡಾಡುತ್ತಾರೆ.

ಚೆಕ್‌ಪೋಸ್ಟಿನ ಎದುರೇ ಅನುಕೂಲ ಎಂದು ಅನ್ನಿಸಬಹುದು. ನಾನಂತೂ ಬೇಡ ಎನ್ನುತ್ತೇನೆ. ಅಲ್ಲಿ ಬ್ಯಾಗ್ ತಪಾಸಣೆ, ಪ್ಲಾಸ್ಟಿಕ್ ಬಾಟಲಿ ಎಣಿಸುವುದು, ಹೆಸರು ಬರೆಯುವುದು ಎಂದು ಜನ ಗುಂಪುಗೂಡಿ ನಿಲ್ಲುತ್ತಾರೆ. ಚೆಕ್‌ಪೋಸ್ಟ್ ದಾಟಿ ಮೊದಲ ಇಕ್ಕಟ್ಟಿನ ತಿರುವಿನಲ್ಲಿ ಇಡಿ.

5. ಕಣ್ಣೆಣಿಕೆ: ಎಲ್ಲಕ್ಕೂ ಇದೇ ಬುನಾದಿ

ದುಬಾರಿ ಯಂತ್ರ ಇದ್ದರೂ ಕಣ್ಣಿನ ಎಣಿಕೆ ಬಿಡುವಂತಿಲ್ಲ. ಬೇಕಾಗುವುದು ಗಟ್ಟಿ ರಟ್ಟು, ಪೆನ್ಸಿಲ್, ಗಡಿಯಾರ. ಮಂಜು, ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ಲೇ ವಾಸಿ. ಬೆರಳಿನಿಂದ ಒತ್ತುವ ಟ್ಯಾಲಿ ಕೌಂಟರ್ ಎರಡಿದ್ದರೆ ಎಡಗೈಗೆ ಹತ್ತುವವರು, ಬಲಗೈಗೆ ಇಳಿಯುವವರು. ಇಲ್ಲದಿದ್ದರೆ ನಾಲ್ಕು ಗೀಟು, ಐದನೆಯದು ಅಡ್ಡಗೀಟು.

ಹಾಳೆಯ ತಲೆಯಲ್ಲಿ ದಿನಾಂಕ, ಜಾಗ, ಎಣಿಸುವವರು, ಹವೆ. ಕೆಳಗೆ ಪ್ರತಿ 15 ನಿಮಿಷಕ್ಕೆ ಒಂದು ಸಾಲು: ಹತ್ತಿದವರು, ಇಳಿದವರು, ಗುಂಪುಗಳು, ಮಕ್ಕಳು, ಟಿಪ್ಪಣಿ. ಇಲಾಖೆಯವರು, ಗೈಡ್‌ಗಳು, ಸೊಪ್ಪು ಸೌದೆಗೆ ಬಂದ ಊರವರನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಅವರು ವಿಹಾರಕ್ಕೆ ಬಂದವರಲ್ಲ, ಆದರೆ ಯಂತ್ರ ಅವರನ್ನೂ ಎಣಿಸುತ್ತದೆ. ಎರಡು ಗಂಟೆಗೊಮ್ಮೆ ಆಳು ಬದಲಾಗಬೇಕು. ದಣಿದ ಕಣ್ಣು ಗುಂಪಿನ ನಡುವಿನವರನ್ನು ಬಿಟ್ಟುಬಿಡುತ್ತದೆ.

ಯಾವ ಹೊತ್ತಿಗೆ ಕೂರಬೇಕು? ವಾರಾಂತ್ಯದ ಚಾರಣಿಗರಲ್ಲಿ ಬಹಳಷ್ಟು ಜನ ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸು, ಟಿಟಿ (ಟೆಂಪೊ ಟ್ರಾವೆಲರ್) ಹತ್ತಿ ಶನಿವಾರ ನಸುಕಿಗೆ ಬುಡಕ್ಕೆ ಬಂದಿಳಿಯುತ್ತಾರೆ. ಎಂಟು ಗಂಟೆಗೆ ತಿಂಡಿ ಮುಗಿಸಿ ಎಣಿಸಲು ಹೊರಟರೆ ದೊಡ್ಡ ಅಲೆ ಆಗಲೇ ಮೇಲೆ ಹೋಗಿರುತ್ತದೆ. ಗೇಟು ತೆರೆಯುವ ಹೊತ್ತಿಗೇ ಕುಳಿತಿರಿ, ಮುಚ್ಚುವವರೆಗೂ ಇರಿ.

6. ಯಂತ್ರ ಇಡುವುದಾದರೆ

ಕಾಲುದಾರಿಗೆ ಹೆಚ್ಚಾಗಿ ಬಳಸುವುದು ಮೈಬಿಸಿಯನ್ನು ಗುರುತಿಸುವ ಇನ್‌ಫ್ರಾರೆಡ್ ಕೌಂಟರ್. ಹಿನ್ನೆಲೆಗಿಂತ ಬಿಸಿಯಾದದ್ದು ಮುಂದೆ ಹಾದರೆ ಒಂದು ಎಂದು ಬರೆದುಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ದಾರಿಯ ಎರಡೂ ಬದಿಗೆ ಪೆಟ್ಟಿಗೆ ಇಟ್ಟು ನಡುವೆ ಕಾಣದ ಕಿರಣ ಹಾಯಿಸುತ್ತಾರೆ, ಕಿರಣ ಕಡಿದಾಗ ಎಣಿಕೆ. ಮಣ್ಣಿನಡಿ ಹೂಳುವ ಒತ್ತಡದ ಹಾಸುಗಳೂ ಇವೆ. ನಮ್ಮ ಘಟ್ಟದ ಮಳೆಗೆ ನೆಲ ಅಗೆಯುವುದು ನನಗೆ ಸರಿ ಕಾಣುವುದಿಲ್ಲ, ಅಗೆದ ಜಾಗದಲ್ಲೇ ನೀರು ಕೊರೆಯಲು ಶುರುವಾಗುತ್ತದೆ.

ಇನ್‌ಫ್ರಾರೆಡ್ ಯಂತ್ರದ ದೌರ್ಬಲ್ಯಗಳನ್ನು ತಿಳಿದೇ ಇಡಬೇಕು. ಇಬ್ಬರು ಜೊತೆಜೊತೆಗೆ ನಡೆದರೆ ಅದಕ್ಕೆ ಒಬ್ಬರೇ. ಬಿಸಿಲಿಗೆ ಕಾದ ಬಂಡೆ ಮೈಬಿಸಿಯ ಹತ್ತಿರಕ್ಕೆ ಬಂದಾಗ ಮನುಷ್ಯ ಅದಕ್ಕೆ ಕಾಣಿಸದೇ ಹೋಗಬಹುದು. ಕಾದ ಹುಲ್ಲು ಗಾಳಿಗೆ ಓಲಾಡಿದರೆ ಯಾರೂ ಇಲ್ಲದೆ ಎಣಿಕೆ ಏರುತ್ತದೆ. ಆದ್ದರಿಂದ ಬೋಳು ಹುಲ್ಲುಗಾವಲಿನಲ್ಲಿ ಬೇಡ, ಬೆಟ್ಟದ ಕಣಿವೆಗಳ ದಟ್ಟ ಶೋಲಾ ಕಾಡಿನ ನೆರಳಿನಲ್ಲಿ ಇಡಿ. ನೆಲದಿಂದ ಸುಮಾರು ಸೊಂಟದೆತ್ತರಕ್ಕೆ, ಮಕ್ಕಳೂ ಸಿಗುವಂತೆ ಕಟ್ಟಿ. ಮರಕ್ಕೆ ಮೊಳೆ ಹೊಡೆಯಬೇಡಿ, ಪಟ್ಟಿ ಬಿಗಿದರೆ ಸಾಕು. ಎದುರಿಗೆ ತೂಗುವ ಕೊಂಬೆ ಇರಬಾರದು, ಬೆಳಗಿನ ಅಥವಾ ಸಂಜೆಯ ಬಿಸಿಲು ನೇರ ಯಂತ್ರದ ಕಣ್ಣಿಗೆ ಬೀಳಬಾರದು. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ ಜೇಡರ ಬಲೆ ತೆಗೆದು, ಇರುವೆ ಗೂಡು ಕಟ್ಟಿದೆಯೇ ನೋಡಿ, ಬ್ಯಾಟರಿ ಪರೀಕ್ಷಿಸಿ ಬನ್ನಿ.

ಗಂಟೆಗಂಟೆಯ ಲೆಕ್ಕ ಕೊಡುವ ಯಂತ್ರವನ್ನೇ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಏಳು ದಾಟು ಎಂದು ಬಂದರೆ ಅದು ಕಡವೆಯೋ ಕಾಡುಹಂದಿಯೋ ಆಗಿರಬಹುದು, ಕದ್ದು ಹತ್ತಿದ ಗುಂಪೂ ಆಗಿರಬಹುದು. ದಿನಕ್ಕೊಂದು ಮೊತ್ತ ಮಾತ್ರ ಕೊಡುವ ಯಂತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ.

ಎದುರಿಗೆ ಏನಾದರೂ ಹಾದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಳಸಬಹುದೇ? ಬಳಸಬಹುದು, ಆದರೆ ಎಚ್ಚರದಿಂದ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ವನ್ಯಜೀವಿಗಳಿಗೆಂದು ಇಟ್ಟ ಕ್ಯಾಮೆರಾಗಳು ಸೌದೆ, ಹುಲ್ಲಿಗೆ ಹೋಗುವ ಹೆಂಗಸರ ಮೇಲೆ ಕಣ್ಣಿಡುವ ಸಾಧನವಾದದ್ದನ್ನು, ಅದರಿಂದ ಅವರು ಕಾಡಿನಲ್ಲಿ ಹಾಡುವುದನ್ನೂ ಮಾತಾಡುವುದನ್ನೂ ಕಡಿಮೆ ಮಾಡಿದ್ದನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕಾಡು ಅವರಿಗೆ ದಿನದ ಬದುಕು. ನಮ್ಮ ಎಣಿಕೆಯಿಂದ ಯಾರೂ ಹಾಗೆ ಕುಗ್ಗಬಾರದು. ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ, ಕೆಳಮುಖವಾಗಿ, ಮುಖ ಬೀಳದಂತೆ ತಿರುಗಿಸಿ. ‘ಇಲ್ಲಿ ಎಣಿಕೆ ನಡೆಯುತ್ತಿದೆ’ ಎಂದು ಕನ್ನಡದಲ್ಲಿ ಬೋರ್ಡ್ ಹಾಕಿ. ಎಣಿಸಿದ ಮೇಲೆ ಚಿತ್ರಗಳನ್ನು ಅಳಿಸಿ. ಗುರುತು ಸಿಗುವ ಚಿತ್ರ ಇಟ್ಟುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೆನಪಿನಲ್ಲಿಡಬೇಕಾಗುತ್ತದೆ.

7. ಯಂತ್ರವನ್ನು ಕಣ್ಣಿನ ಜೊತೆ ತಾಳೆ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ. ಇದಿಲ್ಲದಿದ್ದರೆ ಯಂತ್ರದ ಅಂಕಿಗೆ ಬೆಲೆಯಿಲ್ಲ. ಯಂತ್ರದ ಹತ್ತಿರವೇ, ಅದರ ಕಣ್ಣಿಗೆ ಬೀಳದಂತೆ ಕೂತು, ಅದೇ ಗಂಟೆಯಲ್ಲಿ ನೀವೂ ಎಣಿಸಿ. ಜನಸಂದಣಿಯ ಹೊತ್ತು, ಖಾಲಿ ಹೊತ್ತು ಎರಡೂ ಬೇಕು.

ಲೆಕ್ಕ ಹೀಗೆ. ಬರಿಯ ಉದಾಹರಣೆಗೆ, ಹತ್ತು ಗಂಟೆಗಳ ತಾಳೆಯಲ್ಲಿ ಕಣ್ಣಿಗೆ 503 ದಾಟು, ಯಂತ್ರಕ್ಕೆ 412 ಸಿಕ್ಕಿತು ಎಂದುಕೊಳ್ಳಿ. 503ನ್ನು 412ರಿಂದ ಭಾಗಿಸಿದರೆ 1.22, ಇದೇ ಗುಣಕ. ಯಂತ್ರದ ಲೆಕ್ಕವನ್ನು 1.22ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರ ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಗಂಟೆಗಳನ್ನು ಬಿಡಿಸಿ ನೋಡಿ. ಸಂದಣಿಯ ಗಂಟೆಗಳಲ್ಲಿ ಕಣ್ಣಿಗೆ 420, ಯಂತ್ರಕ್ಕೆ 330 ಇದ್ದರೆ ಗುಣಕ 1.27. ಖಾಲಿ ಗಂಟೆಗಳಲ್ಲಿ 83ಕ್ಕೆ 82 ಇದ್ದರೆ ಗುಣಕ ಹೆಚ್ಚುಕಡಿಮೆ 1. ಅಂದರೆ ಯಂತ್ರ ಕೆಟ್ಟಿಲ್ಲ, ಗುಂಪಿನಲ್ಲಿ ಮಾತ್ರ ಸೋಲುತ್ತಿದೆ. ಎರಡಕ್ಕೂ ಒಂದೇ ಗುಣಕ ಹಾಕಿದರೆ ವಾರದ ದಿನಗಳು ಉಬ್ಬುತ್ತವೆ, ರಜೆಯ ದಿನಗಳು ಕುಗ್ಗುತ್ತವೆ. ನಮಗೆ ಚಿಂತೆಯಿರುವುದೇ ರಜೆಯ ದಿನಗಳ ಬಗ್ಗೆ. ಹಾಗಾಗಿ ಎರಡು ಗುಣಕ ಇಟ್ಟುಕೊಳ್ಳಿ, ಪ್ರತಿ ಹಂಗಾಮಿಗೆ ಹೊಸದಾಗಿ ತಾಳೆ ನೋಡಿ.

8. ರಸ್ತೆ ತುದಿಯ ಹತ್ತಿರದವರೆಗೂ ಹೋಗುವ ಬೆಟ್ಟಗಳು

ನಂದಿಬೆಟ್ಟ, ಮುಳ್ಳಯ್ಯನಗಿರಿಯಂಥ ಕಡೆ ಮೊದಲು ವಾಹನ ಎಣಿಸುವುದು ಸುಲಭ. ಬೈಕ್, ಕಾರು, ಜೀಪು, ಟಿಟಿ, ಬಸ್ಸು ಎಂದು ಬಿಡಿಸಿ ಬರೆದು, ಪ್ರತಿ ಹತ್ತನೆಯ ವಾಹನದಲ್ಲಿ ಎಷ್ಟು ಜನ ಇದ್ದಾರೆಂದು ನೋಡಿ ಸರಾಸರಿ ತೆಗೆಯಿರಿ. ‘ಕಾರಿಗೆ ನಾಲ್ಕು’ ಎಂದು ಊಹಿಸಿಬಿಡಬೇಡಿ, ವಾರದ ದಿನಕ್ಕೂ ಭಾನುವಾರಕ್ಕೂ ಅದು ಬದಲಾಗುತ್ತದೆ. ರಸ್ತೆಗೆ ಅಡ್ಡ ಹಾಸುವ ರಬ್ಬರ್ ಕೊಳವೆಯ ಯಂತ್ರ ಎಣಿಸುವುದು ಚಕ್ರದ ಅಚ್ಚುಗಳನ್ನು (ಆಕ್ಸಲ್). ಕಾರಿಗೆ ಎರಡು ಅಚ್ಚು, ದೊಡ್ಡ ಬಸ್ಸಿಗೆ ಮೂರೂ ಇರಬಹುದು, ಹಗುರ ಬೈಕು ಕೆಲವೊಮ್ಮೆ ತಪ್ಪಿಹೋಗುತ್ತದೆ. ಅದಕ್ಕೂ ತಾಳೆ ಬೇಕೇ ಬೇಕು.

9. ಕೆಲವು ದಿನ ಎಣಿಸಿ ತಿಂಗಳ ಲೆಕ್ಕ ತೆಗೆಯುವುದು

ಯಂತ್ರವಿಲ್ಲದೆ ಎಲ್ಲ ದಿನ ಕೂರಲು ಆಗುವುದಿಲ್ಲ. ದಿನಗಳನ್ನು ಜಾತಿವಾರು ವಿಂಗಡಿಸಿ, ಪ್ರತಿ ಜಾತಿಯಿಂದ ಕೆಲವು ದಿನಗಳನ್ನು ಚೀಟಿ ಎತ್ತಿ ಆರಿಸಿ. ನಿಮಗೆ ಬಿಡುವಿದ್ದ ದಿನವೇ ಎಣಿಸಿದರೆ ಲೆಕ್ಕ ವಾಲುತ್ತದೆ.

ಮತ್ತೆ ಉದಾಹರಣೆಯ ಅಂಕಿಗಳಲ್ಲಿ ಹೇಳುತ್ತೇನೆ. 31 ದಿನದ ತಿಂಗಳಲ್ಲಿ 20 ಸಾಮಾನ್ಯ ದಿನ, 8 ಶನಿವಾರ–ಭಾನುವಾರ, 3 ವಿಶೇಷ ರಜೆ. ಸಾಮಾನ್ಯ ದಿನಗಳಲ್ಲಿ ನಾಲ್ಕನ್ನು ಎಣಿಸಿದಾಗ ಸರಾಸರಿ 35 ಭೇಟಿ. ನಾಲ್ಕು ವಾರಾಂತ್ಯದ ದಿನ 210, 245, 275, 310, ಅಂದರೆ ಸರಾಸರಿ 260. ಮೂರೂ ರಜೆಗಳನ್ನು ಪೂರ್ತಿ ಎಣಿಸಿದ್ದು 1,255. ಒಟ್ಟು: 20×35, ಅಂದರೆ 700. 8×260, ಅಂದರೆ 2,080. ಅದಕ್ಕೆ 1,255 ಸೇರಿಸಿದರೆ 4,035. ಇದೇ ವಾರಾಂತ್ಯದ ಸರಾಸರಿಯನ್ನು 31ರಿಂದ ಗುಣಿಸಿದ್ದರೆ 8,060 ಬರುತ್ತಿತ್ತು, ಸುಮಾರು ಇಮ್ಮಡಿ. ವರದಿಯಲ್ಲಿ ‘ಸುಮಾರು 4,000’ ಎಂದು ಬರೆದು, ವಾರಾಂತ್ಯದ ಎಣಿಕೆ 210ರಿಂದ 310ರವರೆಗೆ ಹರಡಿತ್ತು ಎಂಬುದನ್ನೂ ಸೇರಿಸಿ.

ವಿಶೇಷ ದಿನಗಳನ್ನು ಯಾವತ್ತೂ ಸರಾಸರಿಗೆ ಬಿಡಬೇಡಿ, ಅವನ್ನು ಪೂರ್ತಿ ಎಣಿಸಿ. ಅದಕ್ಕೆ ಸರ್ಕಾರಿ ರಜೆಯ ಪಟ್ಟಿ ಸಾಲದು, ಪಂಚಾಂಗವೂ ಬೇಕು. ಚಂಪಾಷಷ್ಠಿಗೆ ಕುಕ್ಕೆಗೆ ಜನಸಾಗರ ಬರುತ್ತದೆ. ಚಿಕ್ಕಮಗಳೂರಿನ ದೇವಿರಮ್ಮನ ಬೆಟ್ಟಕ್ಕೆ ದೀಪಾವಳಿಯಲ್ಲಿ ಸಾವಿರಾರು ಜನ ಬರಿಗಾಲಲ್ಲಿ ಹತ್ತುತ್ತಾರೆ. ಅಂಥ ಬೆಟ್ಟಕ್ಕೆ ವರ್ಷದ ಸರಾಸರಿ ಎಂಬ ಮಾತಿಗೇ ಅರ್ಥವಿಲ್ಲ. ಭಕ್ತರನ್ನು ಚಾರಣಿಗರಿಂದ ಬೇರೆಯಾಗಿ ಬರೆಯಿರಿ. ನಿಯಮ ಮಾಡುವಾಗ ಇಬ್ಬರ ಅಗತ್ಯವೂ ಒಂದೇ ಅಲ್ಲ.

10. ತುದಿಯಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ?

ದಿನಕ್ಕೆ 300 ಎಂಬ ಮಿತಿಯ ಒಳಗೇ ಇದ್ದರೂ, ಎಲ್ಲರೂ ಒಂದೇ ಗಂಟೆಗೆ ತುದಿ ಮುಟ್ಟಿದರೆ ಹುಲ್ಲುಗಾವಲು ತುಳಿತಕ್ಕೆ ಸಿಗುತ್ತದೆ. ಅದೇ 300 ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ಹಂಚಿಹೋದರೆ ಅಷ್ಟು ಒತ್ತಡ ಬೀಳುವುದಿಲ್ಲ. ಆದ್ದರಿಂದ ಕೆಲವು ವಾರಾಂತ್ಯಗಳಲ್ಲಿ ತುದಿಯಲ್ಲಿ ಒಬ್ಬರು ಕೂತು ಅರ್ಧ ಗಂಟೆಗೊಮ್ಮೆ ಕಣ್ಣಿಗೆ ಕಾಣುವ ತಲೆಗಳನ್ನು ಎಣಿಸಿ ಬರೆಯಲಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಉಪಯೋಗದ ಅಂಕಿ ಇದೇ. ಎರಡು ಗಂಟೆಯ ಅಂತರದಲ್ಲಿ ತಂಡಗಳನ್ನು ಬಿಡಬೇಕು ಎಂದು ಇಲಾಖೆಯ ಮುಂದೆ ವಾದಿಸಲು ಇದಕ್ಕಿಂತ ಗಟ್ಟಿ ಆಧಾರ ಬೇರೆಯಿಲ್ಲ.

ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಲ್ಲಿ ಪ್ರವಾಸಿ ಧಾರಣ ಸಾಮರ್ಥ್ಯಕ್ಕೊಂದು, ಅಂದರೆ ಒಂದು ಜಾಗ ಎಷ್ಟು ಪ್ರವಾಸಿಗರನ್ನು ತಾಳಬಲ್ಲದು ಎಂಬುದಕ್ಕೊಂದು, ಸೂತ್ರವಿದೆ. ಹಾದಿಯ ಉದ್ದ, ಒಬ್ಬರಿಗೆ ಅಥವಾ ಒಂದು ವಾಹನಕ್ಕೆ ಬೇಕಾದ ಅಂತರ, ದಿನಕ್ಕೆ ಎಷ್ಟು ಸರದಿ ಸಾಧ್ಯ ಎಂಬುದರಿಂದ ಶುರು ಮಾಡಿ, ಮಳೆ, ಪ್ರಾಣಿಗಳಿಗೆ ಆಗುವ ತೊಂದರೆ, ಸಿಬ್ಬಂದಿಯ ಕೊರತೆಗಳಿಗೆ ತಕ್ಕಂತೆ ಕಡಿತಗೊಳಿಸುತ್ತಾ ಹೋಗುವುದು. ಸೂತ್ರ ಉಪಯುಕ್ತ, ಆದರೆ ಅದಕ್ಕೆ ಹಾಕುವ ಸಂಖ್ಯೆಗಳು ಹಾದಿಯ ಮೇಲಿನಿಂದಲೇ ಬರಬೇಕು.

11. ಇಳಿದು ಬಂದವರನ್ನು ಮಾತಾಡಿಸಿ

ಹತ್ತುವ ಮುಂಚೆ ಯಾರಿಗೂ ತಾಳ್ಮೆ ಇರುವುದಿಲ್ಲ, ಹೇಳಲು ಅನುಭವವೂ ಇರುವುದಿಲ್ಲ. ಇಳಿದು ಬಂದು ನೀರು ಕುಡಿಯುತ್ತಾ ಕೂತವರನ್ನು ಕೇಳಿ. ಪ್ರತಿ ಐದನೆಯ ಗುಂಪು ಎಂದು ನಿಯಮ ಇಟ್ಟುಕೊಳ್ಳಿ, ಇಲ್ಲವಾದರೆ ನಗುಮುಖದವರನ್ನೇ ಆರಿಸಿಬಿಡುತ್ತೇವೆ. ಗುಂಪಿನಲ್ಲಿ ಮುಂದಿನ ಹುಟ್ಟುಹಬ್ಬ ಯಾರದೋ ಅವರಿಗೆ ಪ್ರಶ್ನೆ. ಇಲ್ಲದಿದ್ದರೆ ಯಾವಾಗಲೂ ಗುಂಪಿನ ಮುಖಂಡನೇ ಉತ್ತರ ಕೊಡುತ್ತಾನೆ. ಎಲ್ಲಿಂದ ಬಂದಿರಿ, ಎಷ್ಟು ಜನ, ಯಾವ ದಾರಿ, ಎಷ್ಟು ಗಂಟೆ, ಈ ವರ್ಷ ಎಷ್ಟನೆಯ ಸಲ, ಬುಕ್ ಮಾಡಿದ್ದಿರಾ, ಜನ ಜಾಸ್ತಿ ಅನ್ನಿಸಿತಾ, ಎಲ್ಲಿ ಅನ್ನಿಸಿತು? ಇಷ್ಟು ಸಾಕು, ಐದು ನಿಮಿಷದಲ್ಲಿ ಮುಗಿಯಬೇಕು. ಹೆಸರು, ಫೋನ್ ನಂಬರ್ ಕೇಳಬೇಡಿ. ದಾರಿ ಬದಿಯ ಮನೆಯವರನ್ನೂ, ಊಟ ಹಾಕುವವರನ್ನೂ, ಜೀಪಿನ ಚಾಲಕರನ್ನೂ ಕೇಳಿ. ವರ್ಷವರ್ಷದ ಏರಿಳಿತ ಅವರ ಬಾಯಲ್ಲಿರುತ್ತದೆ.

12. ಜನರ ಜೊತೆಗೆ ಹಾದಿಯನ್ನೂ ಅಳೆಯಿರಿ

ಜನರ ಸಂಖ್ಯೆ ಒಂದೇ ಇದ್ದರೆ ಅರ್ಧ ಕೆಲಸ. ಹಾದಿಯಲ್ಲಿ ಕೆಲವು ಗೊತ್ತಾದ ಜಾಗಗಳನ್ನು ಗುರುತಿಸಿ, ಹಂಗಾಮಿನ ಶುರುವಿಗೆ ಮತ್ತು ಕೊನೆಗೆ ಹಾದಿಯ ಅಗಲ, ನಡುವಿನ ಆಳ ಟೇಪಿನಲ್ಲಿ ಅಳೆದು, ಅದೇ ಕೋನದಿಂದ ಫೋಟೊ ತೆಗೆಯಿರಿ. ಹುಲ್ಲುಗಾವಲಿನ ಏರಿನಲ್ಲಿ ಒಂದು ಹಾದಿ ಕೆಸರಾದರೆ ಜನ ಪಕ್ಕಕ್ಕೆ ಸರಿದು ಎರಡನೆಯದು ಮಾಡುತ್ತಾರೆ, ಆಮೇಲೆ ಮೂರನೆಯದು. ಈ ಸಾಲುಹಾದಿಗಳನ್ನು ಎಣಿಸುವುದೂ ಒಂದು ಎಣಿಕೆಯೇ. ಕಸವನ್ನು ಚೀಲಗಳ ಲೆಕ್ಕದಲ್ಲಿ ಬರೆಯದೆ ತೂಗಿ ಬರೆಯಿರಿ.

13. ದಾಖಲೆ ಇಡುವ ಕ್ರಮ, ಎರಡನೆಯ ವರ್ಷ

ಎಕ್ಸೆಲ್ ಹಾಳೆಯಲ್ಲಿ ಒಂದು ಗಂಟೆಗೆ ಒಂದು ಸಾಲು. ಯಂತ್ರದ ಮೂಲ ಅಂಕಿಯನ್ನು ಹಾಗೇ ಬಿಟ್ಟು, ತಿದ್ದಿದ್ದನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಬ್ಯಾಟರಿ ಸತ್ತ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಎಂದರೆ ಯಾರೂ ಬರಲಿಲ್ಲ, ಖಾಲಿ ಎಂದರೆ ನಮಗೆ ಗೊತ್ತಿಲ್ಲ. ಖಾಲಿ ದಿನವನ್ನು ಆಮೇಲೆ ಅದೇ ಜಾತಿಯ ದಿನಗಳ ಸರಾಸರಿಯಿಂದ ತುಂಬಬಹುದು, ತುಂಬಿದ್ದೇವೆ ಎಂದು ಗುರುತು ಹಾಕಿ. ಮಳೆಗಾಲಕ್ಕೆ, ಕಾಡ್ಗಿಚ್ಚಿನ ಕಾಲಕ್ಕೆ ಹಾದಿ ಮುಚ್ಚಿದ ದಿನಗಳನ್ನು ಬೇರೆಯಾಗಿ ದಾಖಲಿಸಿ. ಮುಚ್ಚಿದ ದಿನಗಳಲ್ಲೂ ಯಂತ್ರ ಓಡುತ್ತಿರಲಿ, ಆಗ ಬರುವ ಅಂಕಿ ಗಸ್ತಿಗೆ ದಾರಿ ತೋರಿಸುತ್ತದೆ.

ತಿಂಗಳಿಗೊಮ್ಮೆ ಒಂದು ಪುಟದ ಕನ್ನಡ ವರದಿ ಬರೆದು ವಲಯ ಕಚೇರಿಗೂ ಗ್ರಾಮ ಪಂಚಾಯಿತಿಗೂ ಕೊಡಿ, ಚೆಕ್‌ಪೋಸ್ಟಿನ ಗೋಡೆಗೆ ಅಂಟಿಸಿ. ಮಳೆಯಲ್ಲಿ ನೆನೆದು ಎಣಿಸಿದ ವಾಚರ್‌ಗೆ ತನ್ನ ಎಣಿಕೆ ಏನಾಯಿತು ಎಂದು ಕಾಣಬೇಕು.

ಎರಡನೆಯ ವರ್ಷ ಹೊಸ ಯಂತ್ರ, ಹೊಸ ಜಾಗ ಎಂಬ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ. ಅದೇ ಜಾಗ, ಅದೇ ಎತ್ತರ, ಅದೇ ಹಾಳೆ ಇದ್ದರೆ ಮಾತ್ರ ಹೋದ ವರ್ಷದ ಜೊತೆ ಹೋಲಿಸಬಹುದು. ಮರ ಬಿದ್ದೋ ಹಾದಿ ತಿರುಗಿಯೋ ಬದಲಿಸಲೇಬೇಕಾಗಿ ಬಂದರೆ, ಹಳೆಯದನ್ನು ತಕ್ಷಣ ತೆಗೆಯದೆ ಎರಡನ್ನೂ ಒಂದು ತಿಂಗಳು ಜೊತೆಯಲ್ಲಿ ಓಡಿಸಿ. ಎರಡರ ನಡುವಿನ ವ್ಯತ್ಯಾಸವನ್ನು, ಬದಲಿಸಿದ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದ ಮೇಲೆ ಹಳೆಯ ಪೆಟ್ಟಿಗೆ ಬಿಚ್ಚಿ.